ಬಾನೆಟ್ ಎತ್ತಿ ನಿಂತ ಹೊತ್ತು

ಕಟಪಾಡಿಯಲ್ಲಿ ಪುತ್ತುಬಾವನ ಗ್ಯಾರೇಜು.
ಒಳಗೆ ನನ್ನ ಫೋರ್ಡು, ಬಾಯಿ ತೆರೆದುಕೊಂಡು
ಹಲ್ಲಿನ ಡಾಕ್ಟರ ಮುಂದೆ ಕೂತ ಹಾಗೆ.
ಡಿಕ್ಕಿಯಲ್ಲಿ ಬಾಳೆನಾರು, ಬಾಡಿದ ಎಲೆಯ ತುಂಡು,
ಹತ್ತೊಂಬತ್ತು ವರ್ಷದಿಂದ ಹೊತ್ತ
ಶಂಕರಪುರದ ಮಲ್ಲಿಗೆಯ ವಾಸನೆ.
ಅದೊಂದು ಮಾತ್ರ ಇನ್ನೂ ಕೆಟ್ಟಿಲ್ಲ.

"ಪಾರ್ಟು ಸಿಗುವುದಿಲ್ಲ ಮಾರಾಯ.
ಕಂಪೆನಿಯವರು ಗಂಟುಮೂಟೆ ಕಟ್ಟಿ ಹೋಗಿದ್ದಾರಲ್ಲ."
ಪುತ್ತುಬಾವ ಹೇಳಿದ್ದು ಸಾವಿನ ಮನೆಯ ದನಿಯಲ್ಲಿ.
ಕೈ ಮಾತ್ರ ಆಗಲೇ ಹಳೆ ಡಬ್ಬಿ ತಡಕಿ
ಯಾವುದೋ ಮಾರುತಿಯ ವಾಷರೊಂದನ್ನು
ಅಮೆರಿಕದ ಗಂಟಲಿಗೆ ಹೊಂದಿಸುತ್ತಿತ್ತು.

ಬೆಂಚಿನ ಮೇಲೆ ಉಪೇಂದ್ರ ನಾಯಕರು,
ರಿಟಾಯರಾದ ಮ್ಯಾನೇಜರು, ಮಡಿಸಿದ ಪೇಪರು.
"ನಾನು ಅಂದೇ ಹೇಳಿದ್ದೆ.
ಲಾಭ ಇದ್ದಷ್ಟು ದಿನ ಅವರು ನೆಂಟರು.
ನಮ್ಮದನ್ನೇ ಕೊಳ್ಳಬೇಕು. ನಿಷ್ಠೆ ಅಂತ ಒಂದು ಉಂಟಲ್ಲ?"
ಅವರ ಅಂಗಿಯ ಜೇಬಿನಲ್ಲಿ ಪಾಸ್‌ಬುಕ್ಕು.
ಮೂವತ್ತೆರಡು ವರ್ಷ ಬೆಳಗ್ಗೆ ಬೀಗ ತೆಗೆದ ಬ್ಯಾಂಕಿನ ಹೆಸರು
ಈಗ ಅದರ ಮೇಲಿಲ್ಲ.
ದೂರದ ಯಾವುದೋ ದೊಡ್ಡ ಬ್ಯಾಂಕು ನುಂಗಿ ನೀರು ಕುಡಿಯಿತು.
ನಾನು ಆ ಮಾತು ಎತ್ತಲಿಲ್ಲ.
ಎಲ್ಲರ ಡಿಕ್ಕಿಯಲ್ಲೂ ಏನೋ ಒಂದು ಇರುತ್ತದೆ.

"ಅಂಬಾಸಿಡರ್ ನೋಡಿ, ಅದು ನಮ್ಮದು!"
ಪುತ್ತುಬಾವ ನಕ್ಕ, ಗಾಡಿಯಡಿಯಿಂದಲೇ.
"ಅದರ ಅಂಗಿ ಇಂಗ್ಲೆಂಡಿನದು ಸಾರ್,
ಕಡೆಗಾಲದಲ್ಲಿ ಹಾಕಿದ ಹೃದಯ ಜಪಾನಿನದು.
ನಮ್ಮದು ಅಂತ ಇದ್ದದ್ದು ತುಕ್ಕು.
ಪಡುಗಾಳಿಯ ಉಪ್ಪು ತಿಂದು ಬೆಳೆದ ತುಕ್ಕು.
ಅದು ಯಾರ ಗಾಡಿಯನ್ನೂ ಬೇರೆ ಅಂತ ನೋಡಿಲ್ಲ."

ಅಷ್ಟರಲ್ಲಿ ಸದ್ದಿಲ್ಲದೆ ಬಂದು ನಿಂತಿತು ಜೋಸ್ಲಿಯ ರಿಕ್ಷಾ.
ಹಸಿರು ನಂಬರ್ ಪ್ಲೇಟು, ಗಾಜಿಗೆ ಬಾವುಟದ ಸ್ಟಿಕರು.
"ಹೊಗೆ ಇಲ್ಲ, ಪೆಟ್ರೋಲಿಲ್ಲ, ಯಾರ ಹಂಗೂ ಇಲ್ಲ!"
ನಾಯಕರು ಎದ್ದು ಹೋಗಿ ಮೈದಡವಿದರು.
ಪುತ್ತುಬಾವ ಏನೂ ಹೇಳದೆ ಸೀಟು ಎತ್ತಿದ.
ಬ್ಯಾಟರಿಯ ಮೇಲೆ ಸಾಲು ಸಾಲು ಚೀನಾದ ಅಕ್ಷರ,
ನಮ್ಮಲ್ಲಿ ಯಾರಿಗೂ ಓದಲಾಗದ ಜಾತಕ.
ನಾಯಕರು ಕನ್ನಡಕ ತೆಗೆದು ಒರೆಸಿದರು,
ಒರೆಸುತ್ತಲೇ ಇದ್ದರು.
"ಕ್ಲಚ್ಚಿಲ್ಲ, ಕಾರ್ಬೊರೇಟರಿಲ್ಲ" ಅಂದ ಪುತ್ತುಬಾವ,
"ಇನ್ನು ನಾನೂ ಇಲ್ಲ."

ಹೂ ಕಾಯುವುದಿಲ್ಲ. ಗಂಟೆ ಹತ್ತೂವರೆ.
ಫೋರ್ಡನ್ನು ಅಲ್ಲೇ ಬಿಟ್ಟು ಜೋಸ್ಲಿಯ ಪಕ್ಕ ಕೂತೆ.
ಅವನ ಅತ್ತೆ ಬೆನೆದಿಕ್ತಾ ಬಾಯಿ ಅಂಗಳದಲ್ಲಿ
ಅಟ್ಟೆಗಳನ್ನು ಎಲೆಯಲ್ಲಿ ಸುತ್ತಿಟ್ಟು ಕಾಯುತ್ತಿದ್ದಳು.
ಗಾಡಿ ನೋಡಿದಳು. ಅಳಿಯನನ್ನು ನೋಡಿದಳು.
ಗಿಡದ ಎಲೆಯೊಂದರ ಮೇಲೆ ಬೆರಳು ಎಳೆದು
ನನ್ನ ಮುಂದೆ ಹಿಡಿದಳು, ಬೂದಿ.
ತೆಂಗಿನ ತಲೆಗಳಾಚೆ, ತೆಂಕಲ ಕಡೆಗೆ ಗಲ್ಲ ತಿರುಗಿಸಿ
"ಇವನ ಗಾಡಿ ರಾತ್ರಿಯಿಡೀ ಕುಡಿಯುವುದು ಅಲ್ಲಿಯದ್ದೇ" ಅಂದಳು.
ಅಲ್ಲಿ ಉದ್ದದ ಚಿಮಣಿ.
ಅದಕ್ಕೆ ಹಾಕುವ ಕಲ್ಲಿದ್ದಲು
ಕಡಲಾಚೆಯಿಂದ ಹಡಗು ಹತ್ತಿ ಬರುತ್ತದಂತೆ.
"ಚಿಮಣಿಯದ್ದೇ ಅಂತ ಆಣೆ ಹಾಕಲಾರೆ. ಕೇಳಿದರೆ ಅಲ್ಲ ಅಂತಾರೆ.
ಬೇರೆ ಗಿಡದವರಿಗೆ ಕಾಣುವುದೂ ಇಲ್ಲ.
ನಮ್ಮದು ಬಿಳಿ ಹೂ ಅಲ್ಲವಾ, ಗೊತ್ತಾಗುತ್ತದೆ."
ಬೆರಳನ್ನು ಸೀರೆಗೆ ಒರೆಸಿ, ಲೆಕ್ಕದ ಚೀಟಿ ಕೊಟ್ಟಳು.

ಕಟಪಾಡಿಯಲ್ಲಿ ಮಂಗಳೂರಿನ ಬಸ್ಸಿಗೆ ಹೂ ಹಾಕಿದರೆ ಸಾಕಿತ್ತು.
ಬರುವಾಗ ಗ್ಯಾರೇಜಿನ ಮುಂದೆಯೇ ದಾರಿ.
ಸಾಲ ಕೊಟ್ಟವನ ಮನೆ ದಾಟುವವನ ಹಾಗೆ
ನಾನು ಇನ್ನೊಂದು ಬದಿಯ ಗದ್ದೆ ನೋಡಿದೆ.
ಆಗ ಹಿಂದಿನಿಂದ ಒಂದು ಕೆಮ್ಮು, ಮತ್ತೊಂದು,
ಆಮೇಲೆ ಎಳೆದು ಎಳೆದು ಉಸಿರು ಹತ್ತಿದ ಸದ್ದು.
ಪುತ್ತುಬಾವ ಗೆದ್ದಿದ್ದ.
ಎರಡನೇ ಸಿಲಿಂಡರು ಇನ್ನೂ ಸರಿಯಾಗಿಲ್ಲ ಅಂತ
ಅಲ್ಲಿಂದಲೇ ತಿಳಿಯಿತು ನನಗೆ.
ಕೂತ ಗಾಡಿಗೆ ಸದ್ದಿರಲಿಲ್ಲ,
ಅದಕ್ಕೇ ಕೇಳಿಸಿತು.